ಟವೆಲು, ಜೆಮ್ ಕ್ಲಿಪ್ಪು, ಬಣ್ಣದ ಪೆನ್ನು: ನಿಯೋಕಾರ್ಟೆಕ್ಸ್ ಕೆಲಸವನ್ನು ಮನೆಯಲ್ಲೇ ನೋಡುವುದು ಹೇಗೆ?

ಮಿದುಳು ಎಂದೊಡನೆ ಕಣ್ಣೆದುರು ಬರುವ ಸುಕ್ಕುಸುಕ್ಕಾದ ಹೊರಮೈ ಇದೆಯಲ್ಲ, ಅದೇ ಮಿದುಳಿನ ತೊಗಟೆ; ಅದರ ಬಹುಪಾಲು ನಿಯೋಕಾರ್ಟೆಕ್ಸ್. ನೋಡಿದ್ದನ್ನು ಗುರುತಿಸಲು, ಮಾತಾಡಲು, ಲೆಕ್ಕ ಹಾಕಲು, ನಾಳೆಯ ಕೆಲಸವನ್ನು ಇಂದೇ ಯೋಚಿಸಲು ಇದು ಬೇಕೇ ಬೇಕು. ಇದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಸ್ಕ್ಯಾನಿಂಗ್ ಯಂತ್ರವೇ ಆಗಬೇಕೆಂದಿಲ್ಲ. ಒಂದು ಹಳೆಯ ಟರ್ಕಿ ಟವೆಲು, ಒಂದು ಜೆಮ್ ಕ್ಲಿಪ್ಪು, ಸ್ಕೇಲು, ನಾಲ್ಕು ಬಣ್ಣದ ಸ್ಕೆಚ್ ಪೆನ್ನು, ಸೆಕೆಂಡು ತೋರಿಸುವ ಗಡಿಯಾರ ಮತ್ತು ಜೊತೆಗೆ ಒಬ್ಬರು ಇದ್ದರೆ ಸಾಕು.

ಮೊದಲು ಹಾಳೆಯ ಅಳತೆ

ಟವೆಲಿನಲ್ಲಿ 50 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತುಂಡು ಕತ್ತರಿಸಿಕೊಳ್ಳಿ. ದೊಡ್ಡವರ ಮಿದುಳಿನ ಎರಡೂ ಅರೆಗೋಳಗಳ ತೊಗಟೆಯನ್ನು ಬಿಡಿಸಿ ಹಾಸಿದರೆ ಹೆಚ್ಚುಕಡಿಮೆ ಇಷ್ಟೇ ಜಾಗ ಹಿಡಿಯುತ್ತದೆ. ದಪ್ಪವೂ ಹೊಂದುತ್ತದೆ: ತೊಗಟೆಯ ದಪ್ಪ 2ರಿಂದ 4 ಮಿ.ಮೀ. ಈಗ ತುಂಡನ್ನು ಸಮನಾಗಿ ಎರಡು ಮಾಡಿ, ಒಂದೊಂದನ್ನೂ ಅರ್ಧ ಲೀಟರು ಹಿಡಿಯುವ ಬಟ್ಟಲಿಗೆ ಒತ್ತಿ ತುಂಬಿ. ಚಾಪೆಯಂತೆ ಸುರುಳಿ ಸುತ್ತಬೇಡಿ; ಸೀರೆಯ ನೆರಿಗೆಯಂತೆ ಮಡಿಕೆ ಮಾಡುತ್ತಾ ಒಳಗೆ ತಳ್ಳಿ. ಮೇಲೆ ಕಾಣುವ ಬಟ್ಟೆ ತೀರಾ ಕಡಿಮೆ. ನಿಜವಾದ ಮಿದುಳಿನಲ್ಲೂ ಮೂರರಲ್ಲಿ ಸುಮಾರು ಎರಡು ಪಾಲು ತೊಗಟೆ ಮಡಿಕೆಗಳ ಸಂದಿಯಲ್ಲೇ ಅಡಗಿರುತ್ತದೆ. ಇಲಿಯ ತೊಗಟೆಯಾದರೋ ನುಣ್ಣಗಿದೆ.

ಈ ಹಾಳೆಯಲ್ಲಿರುವ ನರಕೋಶಗಳು ಸುಮಾರು 1,600 ಕೋಟಿ. ಇಡೀ ಮಿದುಳಿನಲ್ಲಿರುವುದು 8,600 ಕೋಟಿ, ಅದರಲ್ಲಿ ಹೆಚ್ಚಿನವು ಹಿಂದಲೆಯ ಕಿರುಮಿದುಳಿನಲ್ಲಿವೆ. ಹಾಗಾಗಿ ಯೋಚನೆಯ ಶಕ್ತಿಯನ್ನು ಕೋಶಗಳ ತಲೆಯೆಣಿಕೆಯಿಂದ ಅಳೆಯಲಾಗದು, ಜೋಡಣೆಯನ್ನು ನೋಡಬೇಕು. (ಸಂರಕ್ಷಿಸಿಟ್ಟ ನಿಜವಾದ ಮಿದುಳನ್ನು ನೋಡುವ ಆಸೆಯಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಸಂಗ್ರಹಾಲಯವಿದೆ. ಭೇಟಿಯ ವೇಳೆಯನ್ನು ಮೊದಲೇ ವಿಚಾರಿಸಿಕೊಂಡು ಹೋಗಿ.)

ಅಂಚಿನಲ್ಲಿ ಆರು ಪದರ

ಜೋಡಣೆ ತಿಳಿಯಲು ಒಂದು ಕಾಗದದ ಮೇಲೆ ತೊಗಟೆಯ ಅಡ್ಡಕೊಯ್ತವನ್ನು ಬರೆಯಿರಿ. ಮೇಲಿನಿಂದ ಕೆಳಕ್ಕೆ ಆರು ಪದರ. ಕಣ್ಣು, ಕಿವಿ, ಚರ್ಮದ ಸುದ್ದಿ ಥಲಾಮಸ್ ಎಂಬ ನಡುಮನೆಯನ್ನು ಹಾದು ಮುಖ್ಯವಾಗಿ 4ನೇ ಪದರಕ್ಕೆ ಬಂದಿಳಿಯುತ್ತದೆ. 2 ಮತ್ತು 3ನೇ ಪದರಗಳು ತೊಗಟೆಯ ಬೇರೆ ಭಾಗಗಳ ಜೊತೆ ಮಾತಾಡುತ್ತವೆ. 5ನೆಯದು ಹೊರಕ್ಕೆ ಆಜ್ಞೆ ಕಳಿಸುತ್ತದೆ; ಅದರ ಕೆಲವು ಕೋಶಗಳ ಎಳೆ ಬೆನ್ನುಹುರಿಯ ಕೆಳತುದಿಯವರೆಗೂ ಇಳಿಯುತ್ತದೆ. 6ನೆಯದು ಥಲಾಮಸ್‌ಗೆ ಮರುಸುದ್ದಿ ಕಳಿಸುತ್ತದೆ.

ಆರನ್ನೂ ಒಂದೇ ಅಳತೆಗೆ ಬರೆದುಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಕೈಕಾಲು ಆಡಿಸುವ ಭಾಗದಲ್ಲಿ 5ನೆಯದು ದಪ್ಪ, 4ನೆಯದು ಇದೆಯೋ ಇಲ್ಲವೋ ಎನ್ನುವಷ್ಟು ತೆಳು. ನೋಟದ ಭಾಗದಲ್ಲಿ 4ನೆಯದು ಎಷ್ಟು ದಪ್ಪವೆಂದರೆ, ಕೊಯ್ದ ಅಂಚಿನಲ್ಲಿ ಅಲ್ಲೊಂದು ಬಿಳಿ ಗೆರೆ ಬರಿಗಣ್ಣಿಗೇ ಕಾಣುತ್ತದೆ. ಇಟಲಿಯ ಜೆನ್ನಾರಿ ಅದನ್ನು 1776ರಲ್ಲೇ ಗುರುತಿಸಿದ್ದ. ನೇಯ್ಗೆ ಮಾತ್ರ ಎಲ್ಲೆಡೆ ಮೂಲತಃ ಒಂದೇ. ಒಂದು ತಾಣದ ಕೆಲಸವೇನೆಂಬುದು ಬಹಳಮಟ್ಟಿಗೆ ಅಲ್ಲಿಗೆ ಬರುವ ಸುದ್ದಿಯಿಂದ ನಿಶ್ಚಯವಾಗುತ್ತದೆ. ಹುಟ್ಟಿನಿಂದ ದೃಷ್ಟಿಯಿಲ್ಲದವರು ಬ್ರೈಲ್ ಲಿಪಿ ಓದುವಾಗ, ಉಳಿದವರಲ್ಲಿ ನೋಟಕ್ಕೆ ಮೀಸಲಾದ ಭಾಗ ಬೆರಳಿನ ಸ್ಪರ್ಶಕ್ಕೆ ದುಡಿಯುತ್ತದೆ. ಈ ಅಂಗದ ಬಗ್ಗೆ ತಿಳಿದಿರಬೇಕಾದ ದೊಡ್ಡ ಸಂಗತಿ ಇದೇ ಎಂಬುದು ನಮ್ಮ ಭಾವನೆ.

ಯಾರಿಗೆ ಎಷ್ಟು ಜಾಗ: ಕ್ಲಿಪ್ ಪರೀಕ್ಷೆ

ಕ್ಲಿಪ್ಪನ್ನು ಬಿಡಿಸಿ, ಎರಡೂ ತುದಿ ಒಂದೇ ಮಟ್ಟಕ್ಕೆ ಬರುವಂತೆ ಲಾಳದ ಆಕಾರಕ್ಕೆ ಬಗ್ಗಿಸಿ. ತುದಿ ಚುಚ್ಚುವಂತಿದ್ದರೆ ಉಗುರಿನ ಅರದಲ್ಲಿ ಉಜ್ಜಿ ಮೊಂಡು ಮಾಡಿ. ಸ್ಕೇಲಿಟ್ಟು ತುದಿಗಳ ನಡುವೆ 2 ಮಿ.ಮೀ. ಅಂತರ ಬಿಡಿ.

ಕೂತವರು ಕಣ್ಣು ಮುಚ್ಚಲಿ. ತೋರುಬೆರಳಿನ ತುದಿಗೆ ಹಗುರವಾಗಿ, ಒಂದು ಸೆಕೆಂಡು ತಾಗಿಸಿ, ‘ಒಂದೋ ಎರಡೋ?’ ಎಂದು ಕೇಳಿ. ಒಂದು ಅಂತರಕ್ಕೆ ಹತ್ತು ಸಲ ಮುಟ್ಟಬೇಕು. ಅದರಲ್ಲಿ ಮೂರ್ನಾಲ್ಕು ಸಲ ಒಂದೇ ತುದಿ ತಾಗಿಸಿ, ಆದರೆ ಅದು ಯಾವಾಗ ಬರುತ್ತದೆಂದು ಊಹಿಸಲು ಬಿಡಬೇಡಿ. ಹತ್ತರಲ್ಲಿ ಎಂಟು ಸರಿಯಾಗದಿದ್ದರೆ ಅಂತರವನ್ನು ಹೆಚ್ಚಿಸಿ: ಬೆರಳಿನಲ್ಲಿ 1 ಮಿ.ಮೀ., ಮುಂಗೈ ಮತ್ತು ಬೆನ್ನಿನಲ್ಲಿ 5 ಮಿ.ಮೀ. ಹೀಗೆ. ಬೆರಳ ತುದಿಯಲ್ಲಿ 2ರಿಂದ 4 ಮಿ.ಮೀ.ಗೇ ಎರಡೆಂದು ತಿಳಿಯುತ್ತದೆ. ಅಂಗೈಯಲ್ಲಿ 10 ಮಿ.ಮೀ. ಆಸುಪಾಸು. ಬೆನ್ನಿನಲ್ಲಿ 40 ಮಿ.ಮೀ. ಅಗಲಿಸಿದರೂ ಒಂದೇ ಎನ್ನುವವರಿದ್ದಾರೆ, ಕಣ್ಣು ಬಿಟ್ಟು ಕ್ಲಿಪ್ಪು ನೋಡಿದಾಗ ಅವರಿಗೆ ನಂಬಿಕೆಯೇ ಬರುವುದಿಲ್ಲ.

ಫಲಿತಾಂಶ ಕೆಡುವುದು ಹೆಚ್ಚಾಗಿ ಎರಡು ತುದಿ ಹಿಂದೆಮುಂದೆ ತಾಗುವುದರಿಂದ. ಆಗ ಅಂತರದಿಂದಲ್ಲ, ಕಾಲವ್ಯತ್ಯಾಸದಿಂದಲೇ ಎರಡೆಂದು ಗೊತ್ತಾಗಿಬಿಡುತ್ತದೆ. ಜೋರಾಗಿ ಒತ್ತಿದರೆ ಸುತ್ತಲಿನ ಚರ್ಮವೂ ಎಳೆದುಕೊಳ್ಳುತ್ತದೆ. ಕೈ ತಣ್ಣಗಿದ್ದರೆ, ಬೆರಳು ದಡ್ಡುಗಟ್ಟಿದ್ದರೆ ಅಂಕಿ ಏರುತ್ತದೆ.

ಬೆರಳಿನಲ್ಲಿ ಸ್ಪರ್ಶದ ನರತುದಿಗಳು ದಟ್ಟವಾಗಿವೆ, ತೊಗಟೆಯಲ್ಲೂ ಅದಕ್ಕೆ ವಿಶಾಲವಾದ ಜಾಗ ಸಿಕ್ಕಿದೆ. ಮಾಂಟ್ರಿಯಲ್‌ನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ 1930ರ ದಶಕದಲ್ಲಿ, ಎಚ್ಚರವಿದ್ದ ರೋಗಿಗಳ ತೊಗಟೆಗೆ ಸಣ್ಣ ವಿದ್ಯುತ್ ತಾಗಿಸಿ ‘ಎಲ್ಲಿ ತಿಳಿಯಿತು?’ ಎಂದು ಕೇಳುತ್ತಾ ಇದರ ನಕ್ಷೆ ಬರೆದರು. ಆ ನಕ್ಷೆಯಲ್ಲಿ ತುಟಿ, ಕೈಗಳೇ ದೊಡ್ಡವು, ಬೆನ್ನು ಒಂದು ಪಟ್ಟಿ. ನಕ್ಷೆ ಕಲ್ಲಿನಲ್ಲಿ ಕೊರೆದದ್ದಲ್ಲ: ತಂತಿವಾದ್ಯ ನುಡಿಸುವವರಲ್ಲಿ ಎಡಗೈ ಬೆರಳುಗಳ ಜಾಗ ಹಿಗ್ಗಿರುವುದನ್ನು 1995ರ ಅಧ್ಯಯನ ತೋರಿಸಿತು.

ಹಣೆಯ ಹಿಂದಿನ ಕೆಲಸ: ಬಣ್ಣದ ಪರೀಕ್ಷೆ

ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪರೀಕ್ಷೆ ಇದು. ಮೊದಲ ಹಾಳೆಯಲ್ಲಿ ನಾಲ್ಕು ಬಣ್ಣಗಳ 20 ಚುಕ್ಕಿ ಹಾಕಿ. ಎರಡನೆಯದರಲ್ಲಿ ಕೆಂಪು, ಹಸಿರು, ನೀಲಿ, ಕಪ್ಪು ಎಂಬ ಪದಗಳನ್ನೇ 20 ಸಲ, ಪದಕ್ಕೆ ಹೊಂದದ ಶಾಯಿಯಲ್ಲಿ ಬರೆಯಿರಿ. ‘ಕೆಂಪು’ ಎಂಬುದು ನೀಲಿ ಶಾಯಿಯಲ್ಲಿರಲಿ. ಒಂದೇ ಶಾಯಿ ಒಂದರ ಹಿಂದೊಂದು ಬರದಿರಲಿ. ಎರಡೂ ಹಾಳೆಯಲ್ಲಿ ಬಣ್ಣವನ್ನಷ್ಟೇ ಹೇಳಬೇಕು, ಓದಬಾರದು. ತಪ್ಪಿದರೆ ತಿದ್ದಿಕೊಂಡೇ ಮುಂದೆ ಹೋಗಬೇಕು. ಸಮಯ ಬರೆದಿಟ್ಟುಕೊಳ್ಳಿ.

ಎರಡನೆಯ ಹಾಳೆಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಓದು ನಮ್ಮ ಅಪ್ಪಣೆ ಕಾಯದೆ ನಡೆದುಬಿಡುವ ಕೆಲಸ. ಬಾಯಿಗೆ ಬಂದ ಪದವನ್ನು ತಡೆದು ಗುರಿಯನ್ನು ನೆನಪಿನಲ್ಲಿ ಹಿಡಿದಿಡುವುದು ಹಣೆಯ ಹಿಂದಿರುವ ತೊಗಟೆ. ನಿದ್ದೆಗೆಟ್ಟಾಗ ಇದೇ ಹಿಡಿತ ಸಡಿಲವಾಗುತ್ತದೆ, ಆದ್ದರಿಂದ ರಾತ್ರಿ ಹತ್ತರ ಮೇಲೆ ಅಳೆದದ್ದನ್ನು ಬೆಳಗಿನ ಅಂಕಿಯೊಂದಿಗೆ ಹೋಲಿಸಬೇಡಿ.

ಇನ್ನು ಓದಲು ಬಾರದವರಿಗೆ ಈ ತಡವರಿಕೆಯೇ ಇಲ್ಲ. ಹೊರದೇಶದಲ್ಲಿ ಬೆಳೆದು ಕನ್ನಡ ಮಾತಾಡಬಲ್ಲ, ಆದರೆ ಲಿಪಿ ಕಲಿಯದ ಮಕ್ಕಳು ಮನೆಗೆ ಬಂದಾಗ ಮಾಡಿಸಿ ನೋಡಿ: ಎರಡೂ ಹಾಳೆಗೆ ಹೆಚ್ಚುಕಡಿಮೆ ಒಂದೇ ಸಮಯ ಹಿಡಿಯುತ್ತದೆ. ಅದೇ ಮಗುವಿಗೆ ಅದೇ ಪದಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟು ಇಂಗ್ಲಿಷಿನಲ್ಲೇ ಬಣ್ಣ ಹೇಳಿಸಿ. ಮೂರನೆಯ ಪದಕ್ಕೆ ಬರುವಷ್ಟರಲ್ಲಿ ನಾಲಿಗೆ ತೊಡರುತ್ತದೆ.