ಟ್ಯೂಬ್ ಆಂಪ್‌ನ ಗುಂಯ್ ಸದ್ದು ಕೊನೆಗೂ ನಿಂತಿತು

ನನ್ನ ಹಳೇ ಟ್ಯೂಬ್ ಆಂಪ್ (ಗಾಜಿನ ಟ್ಯೂಬ್‌ಗಳಿಂದ ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ) ಆನ್ ಮಾಡಿದರೆ ಸಾಕು, ಜೇನುಗೂಡಿಗೆ ಕೈ ಹಾಕಿದ ಹಾಗೆ ಗುಂಯ್ ಅನ್ನುತ್ತಿತ್ತು. ಗಿಟಾರ್ ಕೇಬಲ್ ಕಿತ್ತೆ, ವಾಲ್ಯೂಮ್ ಸೊನ್ನೆಗಿಳಿಸಿದೆ. ಊಹೂಂ.

ಆಮೇಲೆ ಸದ್ದಿನ ಶ್ರುತಿ ನೋಡಿದೆ. ಗಿಟಾರಿನ ದಪ್ಪ ತಂತಿಯ ಮೂರನೇ ಫ್ರೆಟ್ ಒತ್ತಿದರೆ 98 ಹರ್ಟ್ಸ್. ಗುಂಯ್ ಅದಕ್ಕಿಂತ ಕೂದಲೆಳೆಯಷ್ಟು ಮೇಲಿತ್ತು, ಅಂದರೆ 100. ನಮ್ಮ ಕರೆಂಟ್ 50 ಹರ್ಟ್ಸ್. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿದ ಮೇಲೆ ಅದರ ಏರಿಳಿತ ಇಮ್ಮಡಿಯಾಗುತ್ತದೆ. ಹಾಗಾಗಿ ಅನುಮಾನ ಆ ಏರಿಳಿತವನ್ನು ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಮೇಲೆ. ಟ್ಯೂಬ್ ಕಾಯಿಸುವ ಹೀಟರ್ ವೈರಿನದ್ದಾಗಿದ್ದರೆ 50ರ ಸದ್ದೇ ಜಾಸ್ತಿ ಇರುತ್ತಿತ್ತು.

ಆಫ್ ಮಾಡಿ, ತಣ್ಣಗಾದ ಮೇಲೆ ಗಿಟಾರ್ ಸಿಗ್ನಲ್ ಮೊದಲು ಸೇರುವ ಪ್ರೀಆಂಪ್ ಟ್ಯೂಬ್ ತೆಗೆದು, ಮತ್ತೆ ಆನ್ ಮಾಡಿ ನೋಡಿದೆ. ಸದ್ದು ಹಾಗೇ ಇತ್ತು. ಮತ್ತೆ ಹಾಗೇ ಆಫ್ ಮಾಡಿ ಫೇಸ್ ಇನ್ವರ್ಟರ್ ಟ್ಯೂಬ್ (ಸಿಗ್ನಲ್ಲನ್ನು ಎರಡಾಗಿ ಸೀಳಿ ಕೊನೆಯ ಪವರ್ ಟ್ಯೂಬ್‌ಗಳಿಗೆ ಕೊಡುವಂಥದ್ದು) ತೆಗೆದೆ, ಗಪ್‌ಚುಪ್! ಅದಕ್ಕೆ ವೋಲ್ಟೇಜ್ ಕೊಡುವ 22 ಮೈಕ್ರೋಫ್ಯಾರಡ್ ಕೆಪಾಸಿಟರ್‌ನ ತಲೆ ಸ್ವಲ್ಪ ಉಬ್ಬಿತ್ತು.

ಕೆಪಾಸಿಟರ್ ಕರೆಂಟ್ ಹಿಡಿದಿಟ್ಟುಕೊಳ್ಳುವುದರಿಂದ ಪ್ಲಗ್ ಕಿತ್ತ ಮೇಲೂ ಮೀಟರ್ 380 ವೋಲ್ಟ್ ತೋರಿಸಿತು. ಸುಮ್ನೆ ಕೈ ಹಾಕಿದ್ದರೆ ಈ ಬರಹ ಇರುತ್ತಿರಲಿಲ್ಲ! ಕೆಪಾಸಿಟರ್‌ನ ಎರಡು ತುದಿಗೂ 10 ಕಿಲೋ ಓಮ್, 5 ವಾಟ್ ರೆಸಿಸ್ಟರ್ ತಾಗಿಸಿ ಸೊನ್ನೆಗಿಳಿಸಿದೆ. ಪ್ಲಸ್ ಮೈನಸ್ ಎರಡು ಸಲ ನೋಡಿ, 450 ವೋಲ್ಟಿನ ಹೊಸದನ್ನು ಬೆಸುಗೆ ಹಾಕಿದೆ.

ಈಗ ಆಂಪ್ ಆನ್ ಆಗಿದೆಯಾ ಅಂತ ಕೆಂಪು ದೀಪ ನೋಡಿಯೇ ತಿಳಿಯಬೇಕು.