ಕ್ಯೂಬೇಸಿಕ್‌: 20 ಅಕ್ಷರ ದಾಟದ ಇನ್‌ಪುಟ್
ಡಾಸ್ ಕಾಲದ ಪ್ರೋಗ್ರಾಮಿಂಗ್ ಭಾಷೆ ಕ್ಯೂಬೇಸಿಕ್‌ನಲ್ಲಿ, ಬಳಕೆದಾರ 20 ಅಕ್ಷರಕ್ಕಿಂತ ಹೆಚ್ಚು ಟೈಪಿಸದಂತೆ ತಡೆಯಬೇಕಿತ್ತು. ಟೈಪಿಸಿದ್ದನ್ನು ಓದುವ ಇನ್‌ಪುಟ್ ಆದೇಶಕ್ಕೆ ಉದ್ದದ ಮಿತಿ ಹೇಳಲು ದಾರಿಯಿಲ್ಲ; ನಡುವೆ ಅಲ್ಪವಿರಾಮ ಬಂದರೆ 'ರೀಡೂ ಫ್ರಮ್ ಸ್ಟಾರ್ಟ್' (ಮೊದಲಿನಿಂದ ಟೈಪಿಸಿ) ಎನ್ನುತ್ತದೆ. ಇಡೀ ಸಾಲನ್ನು ಓದುವ ಲೈನ್ ಇನ್‌ಪುಟ್ ಅಲ್ಪವಿರಾಮ ಸಹಿಸುತ್ತದೆ, ಆದರೆ ಉದ್ದಕ್ಕೆ ಟೈಪಿಸಿದರೆ ಪರದೆಯ ಫಾರ್ಮ್ ಕೆಡುತ್ತದೆ. ಆಮೇಲೆ ಎಡಗಡೆಯ ಅಕ್ಷರಗಳನ್ನಷ್ಟೇ ಉಳಿಸುವ ಲೆಫ್ಟ್$ ಹಾಕಿ ಕತ್ತರಿಸಿ ಏನು ಬಂತು?

ಹಾಗಾಗಿ ಒತ್ತಿದ ಕೀಗಳನ್ನು ಒಂದೊಂದಾಗಿ ಓದುವ ಇನ್‌ಕೀ$ ಲೂಪ್‌ಗೆ ಬದಲಾಯಿಸಿದೆ. ಕೀ ಒತ್ತದಿದ್ದಾಗ ಅದು ಖಾಲಿ ಸ್ಟ್ರಿಂಗ್ (ಅಕ್ಷರಗಳ ಸರಣಿ) ಕೊಡುತ್ತದೆ, ಬಾಣದ ಕೀಗಳಿಗೆ ಎರಡು ಕ್ಯಾರೆಕ್ಟರ್. ಮೊದಲು ಉದ್ದ 1 ಇದೆಯೇ ನೋಡಿ, ನಂತರವೇ ಅಕ್ಷರದ ಕೋಡ್ ಸಂಖ್ಯೆ ಕೊಡುವ ಎಎಸ್‌ಸಿ ಬಳಸಿ. ಖಾಲಿ ಸ್ಟ್ರಿಂಗ್‌ಗೆ ಎಎಸ್‌ಸಿ ಕೇಳಿದರೆ 'ಇಲ್ಲೀಗಲ್ ಫಂಕ್ಷನ್ ಕಾಲ್' ದೋಷ. ಕೋಡ್ 32ರಿಂದ 126ರೊಳಗಿದ್ದು (ಪರದೆಯಲ್ಲಿ ತೋರುವ ಅಕ್ಷರಗಳು), ಸ್ಟ್ರಿಂಗ್ 20ಕ್ಕಿಂತ ಚಿಕ್ಕದಿದ್ದರೆ ಮಾತ್ರ ಸೇರಿಸಿ, ಪ್ರಿಂಟ್ ಆದೇಶದ ಕೊನೆಗೆ ಅರ್ಧವಿರಾಮ (;) ಹಾಕಿ ಆ ಅಕ್ಷರ ತೋರಿಸಿ. 13 (ಎಂಟರ್ ಕೀ) ಬಂದರೆ ಮುಗಿಯಿತು.

ಕಾಟ ಕೊಡುವುದು ಬ್ಯಾಕ್‌ಸ್ಪೇಸ್, ಕೋಡ್ 8. ಕೊನೆಯ ಅಕ್ಷರ ತೆಗೆಯಲು ಲೆಫ್ಟ್$ಗೆ ಉದ್ದಕ್ಕಿಂತ ಒಂದು ಕಡಿಮೆ ಸಂಖ್ಯೆ ಕೊಡಬೇಕು. ಸ್ಟ್ರಿಂಗ್ ಖಾಲಿಯಿದ್ದರೆ ಈ ಕೀಯನ್ನು ಕಡೆಗಣಿಸಿ; ಕಡೆಗಣಿಸದಿದ್ದರೆ ಲೆಫ್ಟ್$ಗೆ -1 ಹೋಗಿ ಮತ್ತದೇ ದೋಷ. ಪರದೆಯಿಂದ ಅಳಿಸಲು ಕರ್ಸರ್ ಸರಿಸುವ ಲೊಕೇಟ್‌ನಿಂದ ಒಂದು ಕಾಲಂ ಹಿಂದೆ ಸರಿದು, ಖಾಲಿ ಜಾಗ ಪ್ರಿಂಟ್ ಮಾಡಿ, ಮತ್ತೆ ಹಿಂದೆ ಸರಿಯಬೇಕು.