ಸಾಲ್ಮನ್ ಮರಿ ಬೆಳೆಯುವ ತೊರೆಯನ್ನು ಗುರುತಿಸುವುದು ಹೇಗೆ?

ಸಿಯಾಟಲ್ ಕಡೆ ಮಗನ ಮನೆಗೋ ಮಗಳ ಮನೆಗೋ ಹೋದವರು ಅಕ್ಟೋಬರ್‌ನಲ್ಲಿ ಇಸಾಕ್ವಾ ಊರಿನ ಮೀನುಮರಿ ಕೇಂದ್ರದ ಬಳಿ ನಿಂತು, ಸಮುದ್ರದಿಂದ ಹಿಂತಿರುಗಿದ ಸಾಲ್ಮನ್‌ಗಳು ಹರಿವಿಗೆ ಎದುರಾಗಿ ನೆಗೆಯುವುದನ್ನು ಮೊಬೈಲ್‌ನಲ್ಲಿ ಸೆರೆಹಿಡಿದು ಬರುತ್ತಾರೆ. ನೋಡಬೇಕಾದ ದೃಶ್ಯವೇ ಸರಿ. ಆದರೆ ಕಾಡುತೊರೆಗಳಲ್ಲಿ ಹುಟ್ಟುವ ಸಾಲ್ಮನ್‌ನ ಹಣೆಬರಹ ಬಹುಮಟ್ಟಿಗೆ ನಿರ್ಧಾರವಾಗುವುದು ಅದು ಇನ್ನೂ ಬೆರಳುದ್ದದ ಮರಿಯಾಗಿದ್ದಾಗ, ಯಾರೂ ಫೋಟೊ ತೆಗೆಯದ ಸಣ್ಣ ನೀರಿನಲ್ಲಿ. ಅಂಥ ಒಂದು ತೊರೆಯ ದಂಡೆಯಲ್ಲಿ ನಿಂತು ‘ಇಲ್ಲಿ ಮರಿ ಚೆನ್ನಾಗಿ ಬೆಳೆದೀತೇ’ ಎಂದು ಅಂದಾಜು ಮಾಡಲು ಒಂದು ಥರ್ಮಾಮೀಟರ್, ಒಂದು ಕಿತ್ತಳೆ ಹಣ್ಣು, ನೀರಿನ ಹೊಳಪನ್ನು ತಡೆಯುವ ಪೋಲರಾಯ್ಡ್ ಕನ್ನಡಕ ಮತ್ತು ತಾಳ್ಮೆ ಇದ್ದರೆ ಸಾಕು.

ಮೊದಲು ಯಾವ ಮೀನೆಂದು ತಿಳಿಯಿರಿ

ಸಾಲ್ಮನ್ ಎಂದರೆ ಒಂದೇ ಮೀನಲ್ಲ. ಪಿಂಕ್ ಮತ್ತು ಚಮ್ ಜಾತಿಯ ಮರಿಗಳು ಮೊಟ್ಟೆಯೊಡೆದು ತೊರೆತಳದ ಜಲ್ಲಿಯಿಂದ ಮೇಲೆದ್ದ ಸ್ವಲ್ಪ ಕಾಲದಲ್ಲೇ ಸಮುದ್ರದ ದಾರಿ ಹಿಡಿಯುತ್ತವೆ. ಸಾಕೈ ಮರಿಗಳು ಹೆಚ್ಚಾಗಿ ಸರೋವರ ಸೇರುತ್ತವೆ. ತೊರೆಯ ಗುಣ ಮೈಮೇಲೆ ಎದ್ದು ಕಾಣುವುದು ಕೋಹೊ ಮರಿಯಲ್ಲಿ: ವಾಷಿಂಗ್ಟನ್, ಒರೆಗಾನ್ ರಾಜ್ಯಗಳಲ್ಲಿ ಅದು ಸಾಮಾನ್ಯವಾಗಿ ಒಂದು ವರ್ಷವಿಡೀ ಸಿಹಿನೀರಿನಲ್ಲೇ ಇದ್ದು, ಮರುವಸಂತದಲ್ಲಿ ಕಡಲಿಗೆ ಇಳಿಯುತ್ತದೆ. ಜಲ್ಲಿಯಿಂದ ಹೊರಬಂದಾಗ ಸುಮಾರು ಮೂರು ಸೆಂಟಿಮೀಟರ್ ಇದ್ದದ್ದು ಕಡಲಿಗೆ ಹೊರಡುವ ಹೊತ್ತಿಗೆ ಹತ್ತರ ಆಸುಪಾಸು ಆಗಿರಬೇಕು. ಆದ್ದರಿಂದ ಕೋಹೊ ಇರುವ ತೊರೆಯನ್ನೇ ಆರಿಸಿಕೊಳ್ಳಿ. ಬೇಸಿಗೆಯ ಕೊನೆಯಲ್ಲಿ, ನೀರು ಇಳಿದು ತಿಳಿಯಾಗಿರುವಾಗ ಹೋಗಿ.

ನೀರಿನ ವೇಗ ಅಳೆಯಿರಿ

ಭೋರ್ಗರೆಯುವ ನೀರು ಚೆಂದ, ಆದರೆ ಕೋಹೊ ಮರಿಗೆ ಅದು ದುಬಾರಿ. ಈಜುವುದಕ್ಕೆ ತಗಲುವ ಶಕ್ತಿ ಖರ್ಚು, ಬಾಯಿಗೆ ಬೀಳುವ ಹುಳ ಆದಾಯ. ಉಳಿತಾಯವಾದದ್ದು ಮಾತ್ರ ಮೈಗೆ ಹತ್ತುತ್ತದೆ. ದಂಡೆಗುಂಟ ಹತ್ತು ಮೀಟರ್ ಗುರುತು ಹಾಕಿ, ಕಿತ್ತಳೆ ಹಣ್ಣನ್ನು ತೇಲಿಬಿಟ್ಟು ಸಮಯ ನೋಡಿ. ಕಿತ್ತಳೆಯೇ ಏಕೆಂದರೆ ಅದು ಅರ್ಧ ಮುಳುಗಿ ತೇಲುತ್ತದೆ, ಗಾಳಿಗೆ ಓಡುವುದಿಲ್ಲ, ದೂರಕ್ಕೂ ಕಾಣುತ್ತದೆ. ಐವತ್ತು ಸೆಕೆಂಡು ಹಿಡಿದರೆ ವೇಗ ಸೆಕೆಂಡಿಗೆ 20 ಸೆಂಟಿಮೀಟರ್. ಕೋಹೊ ಮರಿಗೆ ಒಗ್ಗುವುದು ಹೆಚ್ಚುಕಡಿಮೆ ಅಷ್ಟು ಅಥವಾ ಅದಕ್ಕಿಂತ ನಿಧಾನದ ನೀರು, ಅಂದರೆ ಮಡು.

ಈಗ ಮಡುವಿನ ತಲೆಯ ಕಡೆ, ಸೆಳವು ಒಳಹೊಗುವ ಜಾಗದಲ್ಲಿ, ಅಲುಗಾಡದೆ ಕುಳಿತು ನೋಡಿ. ಮೈಮೇಲೆ ಬೆನ್ನಿನಿಂದ ಹೊಟ್ಟೆಯ ಕಡೆಗೆ ಇಳಿದ ಕಪ್ಪು ಪಟ್ಟೆಗಳಿರುವ ಮರಿಯೊಂದು ಸೆಳವಿನ ಪಕ್ಕದ ನಿಂತ ನೀರಿನಲ್ಲಿ ಬಾಲವನ್ನು ಅಲ್ಲಾಡಿಸಿಯೂ ಅಲ್ಲಾಡಿಸದಂತೆ ನಿಂತಿರುತ್ತದೆ. ಹುಳ ತೇಲಿಬಂದ ಕೂಡಲೇ ಒಂದು ಗೇಣು ಚಿಮ್ಮಿ, ಬಾಯಿ ಹಾಕಿ, ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಇನ್ನೊಂದು ಮರಿ ಹತ್ತಿರ ಸುಳಿದರೆ ಅಟ್ಟಿಸುತ್ತದೆ. ಹೀಗೆ ಎಲ್ಲಕ್ಕಿಂತ ಮುಂದೆ ನಿಲ್ಲುವ ಜಾಗ ಸಿಗುವುದು ಬಲಿಷ್ಠ ಮರಿಗೆ. ಹಿಂದೆ ನಿಂತವಕ್ಕೆ ಉಳಿಕೆ ಆಹಾರವಷ್ಟೆ. ಒಂದೇ ಹೊತ್ತಿನಲ್ಲಿ ಹುಟ್ಟಿದ ಮರಿಗಳ ಗಾತ್ರದಲ್ಲಿ ಇಷ್ಟು ಅಂತರ ಬೀಳುವುದಕ್ಕೆ ಇದೂ ಒಂದು ಕಾರಣ.

ತಾಪಮಾನವನ್ನು ಒಂದು ವಾರ ಬರೆದಿಡಿ

ಬೆಳಿಗ್ಗೆ ಒಮ್ಮೆ ಥರ್ಮಾಮೀಟರ್ ಅದ್ದಿ ಬರುವುದರಿಂದ ಏನೂ ಗೊತ್ತಾಗುವುದಿಲ್ಲ. ತೊರೆ ಹೆಚ್ಚು ಬಿಸಿಯಾಗುವುದು ಮಧ್ಯಾಹ್ನ ಇಳಿಯುವ ಹೊತ್ತಿಗೆ. ಹರಿಯುವ ನೀರಿನಲ್ಲಿ, ನೆರಳಿನಲ್ಲಿ, ದಿನದ ಗರಿಷ್ಠವನ್ನು ಏಳು ದಿನ ಅಳೆದು ಸರಾಸರಿ ತೆಗೆಯಿರಿ. ವಾಷಿಂಗ್ಟನ್ ರಾಜ್ಯದ ನಿಯಮವೂ ಈ ಲೆಕ್ಕವನ್ನೇ ಬಳಸುತ್ತದೆ: ಸಾಲ್ಮನ್‌ಗಳ ಮುಖ್ಯ ಬೇಸಿಗೆ ನೆಲೆಗಳಲ್ಲಿ ಇದು 16 ಡಿಗ್ರಿ ಸೆಲ್ಸಿಯಸ್ ದಾಟಬಾರದು.

ತಣ್ಣಗಿದ್ದಷ್ಟೂ ಒಳ್ಳೆಯದೆಂಬ ಮಾತನ್ನು ಪೂರ್ತಿ ನಂಬಬೇಡಿ. ತೀರಾ ತಣ್ಣನೆಯ ನೀರಿನಲ್ಲಿ ಮರಿಯ ಜೀರ್ಣಶಕ್ತಿ ನಿಧಾನ, ಬೆಳವಣಿಗೆಯೂ ನಿಧಾನ. ಹೊಟ್ಟೆ ತುಂಬ ಆಹಾರವಿದ್ದರೆ 12ರಿಂದ 15 ಡಿಗ್ರಿಯಲ್ಲಿ ಮರಿ ಚೆನ್ನಾಗಿ ಬೆಳೆಯುತ್ತದೆ. ಅದಕ್ಕಿಂತ ಮೇಲೇರಿದಂತೆ ಸುಮ್ಮನೆ ಜೀವ ಹಿಡಿದಿರುವುದಕ್ಕೇ ಹೆಚ್ಚು ತಿನ್ನಬೇಕಾಗುತ್ತದೆ. 20 ದಾಟಿದರೆ ಕಷ್ಟಕಾಲ. ಅತ್ತ ನೀರಿನಲ್ಲಿ ಕರಗುವ ಆಮ್ಲಜನಕವೂ ಕುಗ್ಗಿರುತ್ತದೆ: 10 ಡಿಗ್ರಿಯಲ್ಲಿ ಲೀಟರ್‌ಗೆ ಸುಮಾರು 11 ಮಿಲಿಗ್ರಾಂ ಹಿಡಿಯುವ ನೀರು 20 ಡಿಗ್ರಿಯಲ್ಲಿ ಹಿಡಿಯುವುದು ಒಂಬತ್ತು ಮಾತ್ರ.

ಕಲ್ಲು ಮಗುಚಿ ನೋಡಿ

ಮುಷ್ಟಿಗಿಂತ ದೊಡ್ಡದಾದ ಒಂದು ಕಲ್ಲನ್ನು ಎತ್ತಿ ತಳಭಾಗ ನೋಡಿ. ಎರಡು ಬಾಲದ ಸ್ಟೋನ್‌ಫ್ಲೈ ಮರಿಹುಳು, ಸಾಮಾನ್ಯವಾಗಿ ಮೂರು ಬಾಲವಿರುವ ಮೇಫ್ಲೈ, ಮರಳಿನ ಕಣಗಳನ್ನು ಅಂಟಿಸಿ ಕೊಳವೆಯಂಥ ಮನೆ ಕಟ್ಟಿಕೊಂಡ ಕ್ಯಾಡಿಸ್ ಕಂಡರೆ ಊಟಕ್ಕೆ ಕೊರತೆಯಿಲ್ಲ ಎಂದರ್ಥ. ಕಲ್ಲುಗಳ ಸಂದಿಯಲ್ಲಿ ಬರೀ ಹೂಳು ತುಂಬಿದ್ದರೆ ಹುಳಗಳಿಗೆ ಜಾಗವಿಲ್ಲ; ಜಲ್ಲಿಯೊಳಗೆ ಹೂತ ಮೊಟ್ಟೆಗಳಿಗೂ ಉಸಿರಿಲ್ಲ. ಕಲ್ಲನ್ನು ಇದ್ದಂತೆಯೇ ಮತ್ತೆ ಇಡಿ.

ಸತ್ತ ಸಾಲ್ಮನ್‌ಗಳೂ ಊಟವೇ. ಮೊಟ್ಟೆಯಿಟ್ಟು ಸತ್ತ ಹಿರಿಯ ಮೀನುಗಳ ಮಾಂಸವನ್ನೂ ಕೊಚ್ಚಿಹೋದ ಮೊಟ್ಟೆಗಳನ್ನೂ ಕೋಹೊ ಮರಿಗಳು ತಿನ್ನುತ್ತವೆ. ನೈಋತ್ಯ ವಾಷಿಂಗ್ಟನ್‌ನ ತೊರೆಗಳಿಗೆ ಸತ್ತ ಮೀನುಗಳನ್ನು ತಂದು ಹಾಕಿ ನೋಡಿದಾಗ ಮರಿಗಳ ಬೆಳವಣಿಗೆ ಹೆಚ್ಚಿದ್ದು ಕಂಡುಬಂದಿದೆ. ನಾರುವ ದಂಡೆ ಕಂಡರೆ ಮೂಗು ಮುಚ್ಚಿಕೊಳ್ಳಿ, ದೂರು ಕೊಡಬೇಡಿ.

ಕಸವೆಂದು ಕಾಣುವುದನ್ನು ಎಣಿಸಿ

ನನಗೆ ಸಿಟ್ಟು ಬರುವುದು ಇಲ್ಲೇ. ಬಿದ್ದ ಮರ, ಅಡ್ಡ ಸಿಕ್ಕ ದಿಮ್ಮಿ, ಬೇರುಗಳ ಗೋಜಲು ಕಂಡರೆ ಮನುಷ್ಯನಿಗೆ ಕೈ ತುರಿಸುತ್ತದೆ. ಕಳೆದ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಇಲಾಖೆಗಳೇ ಮೀನಿಗೆ ದಾರಿ ಮಾಡಿಕೊಡುತ್ತೇವೆಂದು ತೊರೆಗಳಿಂದ ದಿಮ್ಮಿಗಳನ್ನು ಎಳೆಸಿ ಹಾಕಿದವು. ಆ ದಿಮ್ಮಿಗಳೇ ನೀರನ್ನು ತಡೆದು ಕೆಳಗೆ ಮಡು ಕೊರೆಯುತ್ತಿದ್ದವು, ಜಲ್ಲಿ ಹಿಡಿದಿಡುತ್ತಿದ್ದವು, ಮಿಂಚುಳ್ಳಿ, ಬಕಪಕ್ಷಿಗಳ ಕಣ್ಣಿನಿಂದ ಮರಿಗಳನ್ನು ಮರೆಮಾಡುತ್ತಿದ್ದವು. ಈಗ ಲಕ್ಷಾಂತರ ಡಾಲರ್ ಸುರಿದು, ಯಂತ್ರಗಳಿಂದ ಅವೇ ತೊರೆಗಳಿಗೆ ದಿಮ್ಮಿ ಇಳಿಸುತ್ತಿದ್ದಾರೆ. ನೂರು ಹೆಜ್ಜೆ ನಡೆಯುವಷ್ಟರಲ್ಲಿ ಎಷ್ಟು ದಿಮ್ಮಿ, ಎಷ್ಟು ಮಡು, ಎಷ್ಟು ಭಾಗಕ್ಕೆ ಮರದ ನೆರಳು ಎಂದು ಬರೆದುಕೊಳ್ಳಿ. ದಂಡೆಯ ಆಲ್ಡರ್ ಮರಗಳು ನೆರಳಷ್ಟೇ ಕೊಡುವುದಿಲ್ಲ. ಉದುರಿದ ಎಲೆ ನೀರುಹುಳಗಳಿಗೆ, ಕೊಂಬೆಯಿಂದ ಬಿದ್ದ ಹುಳ ನೇರವಾಗಿ ಮರಿಗೆ.

ಮಳೆಗಾಲದಲ್ಲಿ ಮತ್ತೆ ಬನ್ನಿ

ಆ ಸೀಮೆಯಲ್ಲಿ ಮಳೆ ಹಿಡಿಯುವುದು ಚಳಿಗಾಲದಲ್ಲಿ. ಮುಖ್ಯ ಹರಿವು ಉಕ್ಕಿದಾಗ ಮರಿಗಳಿಗೆ ಪಕ್ಕದ ಕವಲು, ಜೌಗು, ಬೀವರ್ ಎಂಬ ಪ್ರಾಣಿ ಕಟ್ಟಿದ ಕಟ್ಟೆಯ ಹಿಂದಿನ ನಿಂತ ನೀರು ಬೇಕು. ಅಂತರ್ಜಲ ಒಸರುವ ಕಡೆ ಚಳಿಯಲ್ಲೂ ನೀರು ಅಷ್ಟಾಗಿ ಕೊರೆಯುವುದಿಲ್ಲ. ಇಂಥ ನೀರಿಗೆ ಸೇರಿದ ಕೋಹೊ, ಹರಿವಿನಲ್ಲೇ ಉಳಿದ ಕೋಹೊಗಿಂತ ದಪ್ಪವಾಗಿ ವಸಂತ ಕಾಣುವುದು ಸಾಮಾನ್ಯ.

ನಿಂತ ನೀರಿನ ಶಕ್ತಿ ಇನ್ನೂ ಚೆನ್ನಾಗಿ ಕಾಣಬೇಕಾದರೆ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಬಳಿ ನದಿಯ ನೆರೆನೀರನ್ನು ಹಾಯಿಸುವ ಬಯಲಾದ ಯೋಲೊ ಬೈಪಾಸ್‌ಗೆ ಹೋಗಬೇಕು. ಅಲ್ಲಿ ಸುಗ್ಗಿ ಮುಗಿದ ಭತ್ತದ ಗದ್ದೆಗಳಿಗೆ ಚಳಿಗಾಲದಲ್ಲಿ ನೀರು ನಿಲ್ಲಿಸಿ ಚಿನೂಕ್ ಎಂಬ ಇನ್ನೊಂದು ಜಾತಿಯ ಸಾಲ್ಮನ್ ಮರಿಗಳನ್ನು ಬಿಟ್ಟು ನೋಡಿದ್ದಾರೆ. ಕೂಳೆ, ಹುಲ್ಲು ಕೊಳೆತು ಸೂಕ್ಷ್ಮಜೀವಿಗಳು, ಅವನ್ನು ತಿಂದು ನೀರುಚಿಗಟಗಳು ಮುತ್ತಿಕೊಂಡವು. ಮರಿಗಳು ದಿನಕ್ಕೆ ಒಂದು ಮಿಲಿಮೀಟರ್‌ನ ಹತ್ತಿರ ಬೆಳೆದವು. ಏರಿ ಕಟ್ಟಿ ನದಿಯನ್ನು ಬಯಲಿನಿಂದ ಬೇರೆ ಮಾಡಿದಾಗ ಮರಿಗಳು ಕಳೆದುಕೊಂಡದ್ದು ಈ ಊಟವನ್ನೇ.

ಹಾಗೆಯೇ ರಸ್ತೆ ಕೆಳಗಿನ ಮೋರಿಗಳನ್ನೂ ನೋಡಿ. ಕೊಳವೆಯ ಬಾಯಿ ನೀರಿನಿಂದ ಮೇಲೆ ತೂಗಾಡುತ್ತಿದ್ದರೆ, ಮೇಲಿನ ತೊರೆ ಎಷ್ಟೇ ಸೊಗಸಾಗಿದ್ದರೂ ಮರಿಗೆ ಅದು ಇಲ್ಲದ ಹಾಗೆ.

ಮರಿಯ ಗಾತ್ರವನ್ನು ಎಚ್ಚರದಿಂದ ಓದಿ

ಮೀನು ಹಿಡಿಯಲು ಹೋಗಬೇಡಿ. ಸಿಯಾಟಲ್ ಪಕ್ಕದ ಕಡಲತೋಳಾದ ಪ್ಯೂಜೆಟ್ ಸೌಂಡ್ ಪ್ರದೇಶದ ಚಿನೂಕ್‌ಗೆ 1999ರಿಂದ ಕೇಂದ್ರ ಕಾಯ್ದೆಯ ರಕ್ಷಣೆಯಿದೆ. ಪರವಾನಗಿ ಇಲ್ಲದೆ ಮರಿ ಮುಟ್ಟಿದರೂ ತೊಂದರೆ. ಅಳೆಯುವ ಕೆಲಸ ಜೀವಶಾಸ್ತ್ರಜ್ಞರದು. ಅವರು ಪ್ರಕಟಿಸುವ ಅಂಕಿಗಳನ್ನು ನೀವು ಪರಿಶೀಲಿಸಬಹುದು: ತೂಕವನ್ನು ಗ್ರಾಂನಲ್ಲಿ ತೆಗೆದುಕೊಂಡು, ನೂರರಿಂದ ಗುಣಿಸಿ, ಸೆಂಟಿಮೀಟರ್‌ನಲ್ಲಿರುವ ಉದ್ದದ ಘನದಿಂದ ಭಾಗಿಸಿ. ಹತ್ತು ಸೆಂಟಿಮೀಟರ್ ಉದ್ದ, ಹತ್ತು ಗ್ರಾಂ ತೂಕದ ಮರಿಗೆ ಬರುವುದು ಒಂದು. ಅದರ ಆಸುಪಾಸಿನಲ್ಲಿದ್ದರೆ ಮೈತುಂಬಿದ ಮರಿ. ಗಣನೀಯವಾಗಿ ಕೆಳಗಿದ್ದರೆ ಬಡಕಲು.

ದೊಡ್ಡ ಮರಿ ಕಂಡಾಕ್ಷಣ ತೊರೆಗೆ ಪೂರ್ಣಾಂಕ ಕೊಡಬೇಡಿ. ಮೊಟ್ಟೆಗಳು ಹೂಳಿನಲ್ಲಿ ಸತ್ತು ಹತ್ತೇ ಮರಿ ಉಳಿದಿದ್ದರೆ, ಪೈಪೋಟಿಯಿಲ್ಲದೆ ಆ ಹತ್ತೂ ದೊಡ್ಡದಾಗುತ್ತವೆ. ಎಷ್ಟು ಮರಿ, ಎಷ್ಟು ಗಾತ್ರ ಎಂಬ ಎರಡೂ ಅಂಕಿಗಳನ್ನು ಒಟ್ಟಿಗೆ ಕೇಳಿ. ಒಂದೇ ಕೊಟ್ಟರೆ ಇನ್ನೊಂದಕ್ಕೆ ಕಾಯಿರಿ.